ಮೇಲುಗಡೆಯ ನೀರು

ಹೋದ ಭಾನುವಾರ ನಮ್ಮ ಮನೆಗೆ ನೆಂಟರು ಬಂದಿದ್ದರು. ಇದೂ ಬರೆಯುವ ವಿಷಯವೇ ಅಂತೀರಾ? ನನಗೆ ಹೌದು. ಮೂರು ವರ್ಷದಲ್ಲಿ ನನ್ನ ಹೊಸ್ತಿಲು ದಾಟಿದ ಮೊದಲ ನೆಂಟರು ಅವರು.

ಒಂದು ಗುಟ್ಟು ಹೇಳಿಬಿಡುತ್ತೇನೆ. ವಾರವಾರವೂ ಈ ಪೇಪರಿನಲ್ಲಿ ನಿಮ್ಮ ಜೊತೆ ಹರಟುವ ಈ ಮನುಷ್ಯ ಹೊಟ್ಟೆಪಾಡಿಗೆ ಏನು ಮಾಡುತ್ತಾನೆಂದು ಇದುವರೆಗೆ ನಿಮಗೆ ತಿಳಿಸಿಲ್ಲ. (ತಿಳಿಸಿದ್ದರೆ ಪೇಪರನ್ನು ಎರಡೇ ಬೆರಳಲ್ಲಿ ಹಿಡಿಯುತ್ತಿದ್ದಿರಿ.) ಮದ್ದೂರಿನ ಅಂಚಿನಲ್ಲಿ, ಶಿಂಷಾ ಹೊಳೆಯ ದಡದಲ್ಲಿ, ಚರಂಡಿ ನೀರು ಸೋಸುವ ತೊಟ್ಟಿಗಳಿವೆ. ನಾನು ಅವುಗಳ ಓವರ್ಸಿಯರ್.

ಊರಿನ ಬಚ್ಚಲ ನೀರೆಲ್ಲ ನನ್ನಲ್ಲಿಗೇ ಬರುತ್ತದೆ. ಮೊದಲ ತೊಟ್ಟಿಯಲ್ಲಿ ರಾಡಿ ತಳ ಹಿಡಿಯುತ್ತದೆ. ಆಮೇಲೆ ನೀರು ಜಲ್ಲಿಯ ಹಾಸಿನೊಳಗೆ ಹನಿಹನಿಯಾಗಿ ಇಳಿಯುತ್ತದೆ. ಕಲ್ಲಿಗೆ ಹತ್ತಿದ ಲೋಳೆ ಹೊಲಸನ್ನು ತಿಂದುಹಾಕುತ್ತದೆ. ಕೊನೆಗೆ ನೀರು ತಿಳಿಯಾಗಿ ಹೊಳೆ ಸೇರುತ್ತದೆ. ಇದಿಲ್ಲದಿದ್ದರೆ ಹೊಳೆಯೇ ಮೋರಿ.

ಇಷ್ಟು ಮಾಡುವವನ ಮನೆಗೆ ಯಾರೂ ಬರುವುದಿಲ್ಲ. ನನ್ನ ಕ್ವಾರ್ಟರ್ಸಿನಲ್ಲಿ ಎರಡು ತಟ್ಟೆಗಳಿವೆ, ಒಂದರಲ್ಲಿ ಇನ್ನೂ ಯಾರೂ ಉಂಡಿಲ್ಲ. ಮಾತಾಡುವ ಆಸೆ ತಡೆಯಲಾಗದಾಗ ನಿಮಗೆ ಬರೆಯುತ್ತೇನೆ, ಅಷ್ಟೆ.

ಬಂದವರು ಹೊಳಲು ಹಳ್ಳಿಯ ರೈತರೊಬ್ಬರು. ಕಿರಿಯ ಮಗಳನ್ನು ನನಗೆ ಕೊಡುವ ಮಾತು. ತೊಟ್ಟಿಗಳನ್ನೆಲ್ಲ ಸುತ್ತಿ ನೋಡಿದರು, ಮೂಗು ಮುಚ್ಚಲಿಲ್ಲ. (ಗೊಬ್ಬರದ ಗುಂಡಿ ಕಂಡ ಮನುಷ್ಯ.) ನನ್ನ ಎದೆ ಹಿಗ್ಗಿತು. ಒಳಗೆ ಕೂರಿಸಿ ಬೆಲ್ಲ, ಚೊಂಬಿನಲ್ಲಿ ನೀರು ತಂದಿಟ್ಟೆ. ಎಲ್ಲಿಯ ನೀರು ಅಂತ ಕೇಳಿದರು.

ಹೊಳೆ ದಡದ ಊರುಗಳಲ್ಲಿ ನೆಂಟರಿಗೆ ಹೇಳಿಕೊಳ್ಳುವ ಹೆಮ್ಮೆಯೇ ಅದು: ನಮ್ಮದು ಮೇಲುಗಡೆಯ ನೀರು! ನಾನೂ ಜಂಬದಿಂದ ಹೇಳಿದೆ. ತೊಟ್ಟಿಯ ನೀರು ಹೊಳೆಗೆ ಬೀಳುವಲ್ಲಿಂದ ಅರ್ಧ ಮೈಲಿ ಮೇಲಕ್ಕೆ ಹೋಗಿ ನಾನೇ ಹೊತ್ತು ತರುತ್ತೇನೆ, ಅನುಮಾನವೇ ಬೇಡ ಅಂದೆ.

ಬಾಯಿಯ ತನಕ ಹೋದ ಚೊಂಬು ಕೆಳಗಿಳಿಯಿತು.

"ನನ್ ದೊಡ್ ಮಗಳ್ನ ಕೊಟ್ಟಿರೋದು ಕೆಳಗಡೆ, ಮಳವಳ್ಳಿ ಕಡೆ ಒಳೆ ದಡದ ಅಳ್ಳಿಗೆ ಕಣಪ್ಪ. ನಿನ್ ತೊಟ್ಟಿ ನೀರ್ನ ನೀನೇ ನಂಬಾಕಿಲ್ಲ ಅಂದ್ರೆ, ಅವಳು ಯಾವ್ ಮ್ಯಾಲಕ್ಕೆ ಓಗ್ಬೇಕು?"

ನನಗೆ ನೋವಾಗದಿರಲೆಂದು ಅವರು ಬೆಲ್ಲ ಬಾಯಿಗೆ ಹಾಕಿಕೊಂಡರು. ನೀರು ಮುಟ್ಟಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಎದ್ದುಹೋದರು.

ಅವರು ಕೇಳಿದ್ದರಲ್ಲಿ ತಪ್ಪೇನಿತ್ತು? ಜಲ್ಲಿ ಹಾಸನ್ನು ವಾರಕ್ಕೊಮ್ಮೆ ಕೆದಕಿ ತೊಳೆಸಬೇಕು. ನಾನು ಈಗ ನಡೆದಿರುವ ಯುದ್ಧದ ನೆಪ ಹೇಳಿ, ಆಳಿಲ್ಲ, ಸಾಮಾನಿಲ್ಲ ಅಂತ ತಿಂಗಳಿಗೊಮ್ಮೆ ತೊಳೆಸುತ್ತಿದ್ದೆ. ಯಾರೂ ಬಂದು ನೋಡದ ಕೆಲಸ, ಯಾರಿಗೆ ಗೊತ್ತಾಗುತ್ತದೆ? ನನಗೆ ಗೊತ್ತಿತ್ತು. ಅದಕ್ಕೇ ದಿನವೂ ಬಿಂದಿಗೆ ಹೊತ್ತು ಅರ್ಧ ಮೈಲಿ ಮೇಲಕ್ಕೆ ನಡೆಯುತ್ತಿದ್ದೆ. ನಾಚಿಕೆಯಾಯಿತು, ನಿಜವಾಗಿ ನಾಚಿಕೆಯಾಯಿತು.

ಸೋಮವಾರದಿಂದ ತೊಟ್ಟಿ ನೀರು ಬೆರೆತ ಕೆಳಗಡೆಯ ನೀರನ್ನೇ ತರುತ್ತಿದ್ದೇನೆ. ಕಾಯಿಸಿ, ಆರಿಸಿ, ಅದನ್ನೇ ಕುಡಿಯುತ್ತೇನೆ. ಅವತ್ತೇ ಜಲ್ಲಿ ಕೆದಕಿಸಲು ನಿಂತೆ. ತೊಟ್ಟಿ ಕೆಲಸದ ಬೋರಯ್ಯ ನನ್ನ ಬಿಂದಿಗೆ ನೋಡಿದ, ಜಲ್ಲಿ ನೋಡಿದ.

"ಕುಡಿಯೋ ಬಾಯಿ ತಮ್ದಾದ್ ಮ್ಯಾಲೆ ಜಲ್ಲಿ ಗ್ಯಾಪ್ಕ ಬಂತಾ ಬುದ್ಧಿ?" ಅಂದ. ನಾನು ಸಲಿಕೆ ತೆಗೆದುಕೊಂಡೆ.

ಹೊಳಲಿನಿಂದ ಕಾಗದ ಬಂದಿಲ್ಲ. ಬರುವುದೂ ಇಲ್ಲವೇನೋ. ಒಂಟಿಯಾಗಿರುವುದು ಅಭ್ಯಾಸವಾಗಿದೆ ಅಂತ ಬರೆದರೆ ಸುಳ್ಳಾಗುತ್ತದೆ. ಆ ಎರಡನೆಯ ತಟ್ಟೆಯನ್ನು ಇವತ್ತೂ ತೊಳೆದು ಇಟ್ಟಿದ್ದೇನೆ.

ಭಾನುವಾರ ಮನೆಯಲ್ಲೇ ಇರುತ್ತೇನೆ. ಬೆಲ್ಲವಿದೆ, ಚೊಂಬಿನಲ್ಲಿ ಕೆಳಗಡೆಯ ನೀರಿದೆ. ಬಂದರೆ, ನೀವು ಕುಡಿಯುತ್ತೀರಾ?