ವಿಮಾ ಪಾಲಿಸಿಯ ಗಮಕ ವಾಚನ

ಮೊನ್ನೆ ಕಾರ್ಪೆಟ್ಟು ತೊಳೆಯುವವನು ಬಂದು ಹೋದ ಮೇಲೆ ನಮ್ಮ ಬೇಸ್‌ಮೆಂಟಿನಲ್ಲಿ ಒದ್ದೆ ಉಣ್ಣೆಯ ವಾಸನೆ ನಿಂತುಬಿಟ್ಟಿತು. ಅದರ ಜೊತೆಗೇ ಕೆನಡಾದ ಪಿಕರಿಂಗ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದ ಕಾಕಾ ನೆನಪಾದರು. ತೊಂಬತ್ತರ ದಶಕದ ಕೊನೆಯ ಮಾತು...

ಕಾಕಾ ವುಡ್‌ಬ್ರಿಡ್ಜ್‌ನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದರೂ ಅವರ ನಿಜವಾದ ವೃತ್ತಿ ಗಮಕ. ಕಾವ್ಯ ಸಿಕ್ಕರೆ ಕಾವ್ಯ, ಇಲ್ಲದಿದ್ದರೆ ಔಷಧದ ಬಾಟಲಿಯ ಮೇಲಿನ ಬರಹ. ರಾಗ ಹಾಕಿಯೇ ಓದುತ್ತಿದ್ದರು. ಓದಿದ್ದನ್ನು ಬಿಡಿಸಿ ಹೇಳಲು ವ್ಯಾಖ್ಯಾನಕಾರರು ಬೇಕಲ್ಲ, ಆ ಹೊಣೆ ಅವರ ಧರ್ಮಪತ್ನಿ ಕಾಕು ಅವರದು.

ಒಂದು ಬೇಸಿಗೆಯ ಮಳೆಗೆ ಬೀದಿಯ ಚರಂಡಿ ಹಿಮ್ಮುಖವಾಗಿ ಹರಿದು ಅವರ ಬೇಸ್‌ಮೆಂಟನ್ನು ಹೊಕ್ಕಿತು. ಅಲ್ಲಿದ್ದ ಬಾಡಿಗೆದಾರ ಗಂಟು ಕಟ್ಟಿಕೊಂಡು ಹೊರಟ. ಬಾಡಿಗೆಯಿಲ್ಲದೆ ಮನೆಸಾಲದ ಕಂತು ಸಾಗುವಂತಿರಲಿಲ್ಲ, ದುರಸ್ತಿಯಿಲ್ಲದೆ ಬಾಡಿಗೆ ಬರುವಂತಿರಲಿಲ್ಲ. ಕಾಕಾ ಮಾತ್ರ ನಿಶ್ಚಿಂತರು.

"ಕಾಂಪ್ರಿಹೆನ್ಸಿವ್ ಅಂತ ಪಾಲಿಸಿ ಮ್ಯಾಲೇ ದಪ್ಪ ಅಕ್ಷರದಾಗ ಬರದಾರಲ್ಲೋ ತಮ್ಮಾ, ಅಂದ್ರ ಎಲ್ಲಾ ಬಂತು."

ವಿಮಾ ಕಂಪನಿ ಪರಿಹಾರ ನಿರಾಕರಿಸಿ, ದಯವಿಟ್ಟು ಪಾಲಿಸಿಯ ಒಳಪುಟಗಳನ್ನು ಓದಿಕೊಳ್ಳಿ ಎಂದು ವಿನಯದಿಂದ ಬರೆಯಿತು. ಪಾಪ, ಅವರಿಗೆ ಕಾಕಾ ಅವರ ಪರಿಚಯವಿರಲಿಲ್ಲ.

ಭಾನುವಾರ ನಮ್ಮನ್ನೆಲ್ಲ ಕರೆದು, ದೀಪ ಹಚ್ಚಿ, ಒಳಪುಟವನ್ನು ಮೋಹನ ರಾಗದಲ್ಲಿ ಎತ್ತಿಕೊಂಡರು. 'ನಾಟ್‌ವಿತ್‌ಸ್ಟ್ಯಾಂಡಿಂಗ್' ಎಂಬ ಪದದ ಮೇಲೆ ದೀರ್ಘ ಆಲಾಪನೆಯೇ ನಡೆಯಿತು. ಕೊನೆಗೊಮ್ಮೆ ವಾಕ್ಯ ನಿಂತಾಗ ಕಾಕು ಅವಲಕ್ಕಿಯ ತಟ್ಟೆ ಇಡುತ್ತ ವ್ಯಾಖ್ಯಾನ ಮಾಡಿದರು.

"ಕೊಡಂಗಿಲ್ಲ ಅಂತ."

ಮುಂದಿನ ವಾಕ್ಯ ಶಂಕರಾಭರಣದಲ್ಲಿ.

"ಇದೂ ಕೊಡಂಗಿಲ್ಲ ಅಂತ."

"ಸ್ವಲ್ಪ ವಿಸ್ತಾರ ಮಾಡು," ಎಂದರು ಕಾಕಾ.

"ಏನ್ ವಿಸ್ತಾರ ಮಾಡ್ಲಿ? ರೊಕ್ಕಾ ಇಸ್ಕೊಳ್ಳೋವಾಗ ಒಂದು ಸಾಲು, ಕೊಡಂಗಿಲ್ಲ ಅನ್ನಲಿಕ್ಕೆ ಇಷ್ಟು ದೊಡ್ಡ ಪುರಾಣ."

ಆ ಚಳಿಗಾಲದಲ್ಲಿ ಪ್ರಾಂತ್ಯ ಸರ್ಕಾರ ವಿಮಾ ನಿಯಮಗಳನ್ನು ತಿದ್ದುವ ಮೊದಲು ಜನರ ಮಾತು ಕೇಳಲು ಸಮಿತಿಯೊಂದನ್ನು ಕೂರಿಸಿತು. ಒಬ್ಬೊಬ್ಬರಿಗೆ ಐದು ನಿಮಿಷ. ಕಾಕಾ ಸೂಟು ತೊಟ್ಟು ಕಾಕು ಜೊತೆ ಹೊರಟರು, ನಾನು ಸಾರಥಿ. ತಮ್ಮ ಗೋಳು ಹೇಳಿಕೊಳ್ಳುತ್ತಾರೆಂದು ನಾನು ತಿಳಿದಿದ್ದೆ. ಅವರು ಪಾಲಿಸಿಯಲ್ಲಿದ್ದ ಚರಂಡಿ ನೀರಿನ ಒಂದೇ ವಾಕ್ಯವನ್ನು ಎತ್ತಿಕೊಂಡರು, ರಾಗವಾಗಿ, ಅವಸರವಿಲ್ಲದೆ... ಗಂಟೆ ಹೊಡೆಯಿತು. ವಾಕ್ಯ ಇನ್ನೂ ನಡುದಾರಿಯಲ್ಲಿತ್ತು.

"ಸರ್, ವಾಟ್ ಈಸ್ ಯುವರ್ ಪಾಯಿಂಟ್?" ಎಂದರು ಅಧ್ಯಕ್ಷೆ.

"ಮೇಡಂ, ಐ ಆಮ್ ಆಲ್ಸೋ ವೇಟಿಂಗ್ ಫಾರ್ ಇಟ್."

ಹಿಂದಿನ ಸಾಲಿನಲ್ಲಿದ್ದ ಕಾಕು ಎದ್ದು, ಕೋಟಿನ ಮೇಲೆ ಸೆರಗು ಸರಿಮಾಡಿಕೊಂಡು, ಕರ್ತವ್ಯ ನಿರ್ವಹಿಸಿದರು.

"ಮೀನಿಂಗ್ ಈಸ್, ನೋ ಮನಿ."

ಸಭೆ ನಕ್ಕಿತು. ವಿಮಾ ಕಂಪನಿಗಳ ವಕೀಲರೂ ನಕ್ಕರು. ನಗುವಿಗೆ ಅವರ ಷರತ್ತುಗಳಲ್ಲಿ ನಿರ್ಬಂಧವಿರಲಿಲ್ಲವೆಂದು ಕಾಣುತ್ತದೆ.

ಆದರೆ ನಗುವಿನಿಂದ ಬೇಸ್‌ಮೆಂಟು ಒಣಗುವುದಿಲ್ಲ. ಮರುವರ್ಷ ಮನೆ ಮಾರಿ ಇಬ್ಬರೂ ವಿಟ್ಬಿಯ ಅಪಾರ್ಟ್‌ಮೆಂಟೊಂದಕ್ಕೆ ಹೋದರು. ಹೊರಡುವ ದಿನ ಕಾರಿನಲ್ಲಿ, ಎಷ್ಟನೆಯ ಮಹಡಿ ಎಂದು ಕೇಳಿದೆ.

"ಹನ್ನೊಂದನೇದು. ಗಟಾರಕ್ಕ ಲಿಫ್ಟ್ ಹತ್ತಲಿಕ್ಕೆ ಬರಂಗಿಲ್ಲ," ಎಂದರು ಕಾಕಾ. ಆಮೇಲೆ ಕಾರಿನ ಗಾಜಿನಿಂದ ಮಾರಿದ ಮನೆಯನ್ನು ತುಸು ಹೊತ್ತು ನೋಡಿದರು.

ನಿಯಮ ತಿದ್ದಿದ್ದು ವರ್ಷಗಳ ನಂತರ: ಏನೇನು ಕೊಡುವುದಿಲ್ಲ ಎಂಬುದನ್ನು ಮೊದಲ ಪುಟದಲ್ಲೇ, ಸರಳ ಮಾತಿನಲ್ಲಿ ಹೇಳತಕ್ಕದ್ದು. ಹೊಸ ನಿಯಮ ಹಳೆಯ ನೀರಿಗೆ ಅನ್ವಯಿಸುವುದಿಲ್ಲ. ಅಷ್ಟರಲ್ಲಿ ಕಾಕಾ ತೀರಿಕೊಂಡಿದ್ದರು. ಕಾಕು ಕೂಡ ಹೆಚ್ಚು ದಿನ ಉಳಿಯಲಿಲ್ಲ...

ಈ ವರ್ಷದ ನನ್ನ ಪಾಲಿಸಿ ಈಗ ಮೇಜಿನ ಮೇಲಿದೆ. ಚರಂಡಿ ನೀರಿಗೆ ಪರಿಹಾರವಿಲ್ಲ, ಬೇಕಿದ್ದರೆ ಬೇರೆಯಾಗಿ ಕೊಳ್ಳಿ ಎಂದು ಮೊದಲ ಪುಟದಲ್ಲೇ ಇದೆ. ಗಟ್ಟಿಯಾಗಿ ಓದಿದೆ. ರಾಗ ಕೂರಿಸುವಷ್ಟು ಉದ್ದವಿಲ್ಲ, ವ್ಯಾಖ್ಯಾನದ ಅಗತ್ಯವೂ ಇಲ್ಲ. ಆದರೂ ಓದಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಕಾದೆ.