ಕನಕ ಕೇಳಿ ಪಡೆದ ಕುಂಕುಮ

ವರಮಹಾಲಕ್ಷ್ಮಿ ಹಬ್ಬ ಎಂದರೆ ಪರ್ತ್‌ನ ವಿಲೆಟನ್‌ನಲ್ಲಿ ವೇದಾಳ ಮನೆ. ಅಂಥ ಮೈಸೂರು ರೇಷ್ಮೆ, ಅಂಥ ಹೂವಿನ ಜಡೆ ಊರಿನ ಬೇರೆ ಯಾವ ಲಕ್ಷ್ಮಿಗೂ ಇರಲಿಲ್ಲ. ಅರಿಶಿನ-ಕುಂಕುಮಕ್ಕೆ ಬಂದವರು ದೇವಿಗಿಂತ ಒಂದು ಕೈ ಹೆಚ್ಚಾಗಿ ತನ್ನನ್ನೇ ಹೊಗಳಲಿ ಎಂಬುದು ವೇದಾಳ ಒಳಗಿನ ಆಸೆ. ಹೊಗಳುತ್ತಲೂ ಇದ್ದರು, ಕನಕ ಬಾಯಿ ಬಿಡುವವರೆಗೆ.

ಈ ಕನಕ ಅಂಥ ವಿಶೇಷದವಳೇನಲ್ಲ. ಚೈಲ್ಡ್‌ಕೇರ್‌ನಲ್ಲಿ ಕೆಲಸ, ಕ್ಯಾನಿಂಗ್ಟನ್‌ನಲ್ಲಿ ಪುಟ್ಟ ಬಾಡಿಗೆ ಮನೆ, ಮೆಲ್ಲಗಿನ ಮಾತು. ಗಂಡ ಪ್ರವೀಣ ಗಣಿಯಲ್ಲಿ ಜಿಯಾಲಜಿಸ್ಟ್ ಆಗಿದ್ದ, ಹೃದಯಾಘಾತವಾಗಿ ಹೋಗಿಬಿಟ್ಟ. ಆಮೇಲೂ ವೇದಾ ಅವಳನ್ನು ಹಬ್ಬಕ್ಕೆ ಕರೆದಳು. ಅದೇ ತನ್ನ ದೊಡ್ಡ ಮನಸ್ಸು ಎಂದುಕೊಂಡಿದ್ದಳು ಪುಣ್ಯಾತ್ಗಿತ್ತಿ. ಆದರೆ ಕುಂಕುಮದ ತಟ್ಟೆ ಹಿಡಿದು ಬಂದವಳು ಕನಕಳನ್ನು ದಾಟಿ ಪಕ್ಕದವಳ ಮುಂದೆ ನಿಂತಳು.

“ವೇದಾ, ನನಗೆ ಕೊಡ್ಲಿಲ್ಲ,” ಎಂದಳು ಕನಕ.

“ನಿಮಗೆ ಬೇಜಾರಾಗ್ಬಾರ್ದು ಅಂತ...”

“ಬಿಟ್ಟು ಹೋದ್ರೇ ಬೇಜಾರಾಗೋದು ಕಣ್ರೀ. ಚಿಕ್ಕೋಳಿದ್ದಾಗಿಂದ ಇಟ್ಕೊಂಡಿದೀನಿ. ಪ್ರವೀಣ ತಂದ್ಕೊಟ್ಟಿದ್ದಲ್ಲ ಇದು.”

ಎಂದವಳೇ ಎಲ್ಲರೆದುರು ತಟ್ಟೆಗೆ ಬೆರಳು ಹಾಕಿ ಹಣೆಗೆ ಇಟ್ಟುಕೊಂಡೇ ಬಿಟ್ಟಳು. ಮೂಲೆಯಲ್ಲಿ ಕೂತಿದ್ದ ಪ್ರಣತಿ ಎದ್ದು ಬಂದಳು. “ನನ್ನ ಗಂಡ ಬ್ರಿಸ್ಬೇನ್‌ನಲ್ಲಿ ಕೆಲ್ಸಕ್ಕಿದಾನೆ ಅಂತ ಎಲ್ರಿಗೂ ಸುಳ್ಳು ಹೇಳ್ತಿದ್ದೆ. ನಮಗೆ ಡಿವೋರ್ಸ್ ಆಗಿದೆ. ಕನಕ, ನನಗೆ ನೀವೇ ಇಡಿ.”

ವೇದಾಳ ಹೊಟ್ಟೆಕಿಚ್ಚು ಶುರುವಾದದ್ದು ಆಗಲೇ. ಪೂಜೆ ತನ್ನದು, ತಟ್ಟೆ ತನ್ನದು, ಬೆಳಿಗ್ಗೆಯಿಂದ ಒಬ್ಬಟ್ಟು ತಟ್ಟಿ ಸೊಂಟ ಬಿದ್ದುಹೋದದ್ದೂ ತನ್ನದೇ. ಹೆಸರು ಮಾತ್ರ ಅವಳಿಗೆ! ಅಡಿಲೇಡ್‌ನ ಮಾಸನ್ ಲೇಕ್ಸ್‌ನಿಂದ ಗೆಳತಿ ಅನನ್ಯಾ ಸುದ್ದಿ ಕೇಳಿ ಫೋನ್ ಮಾಡಿ, “ಮುಂದಿನ ವರ್ಷ ನಾವೂ ಎಲ್ರಿಗೂ ಕುಂಕುಮ ಇಡ್ತೀವಿ ಕಣೇ, ನಿಮ್ಮ ಕನಕ ಅವರ ಥರ,” ಎಂದಾಗ ವೇದಾಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಹಬ್ಬ ಮಾಡಿದರೂ ‘ನಿಮ್ಮ ವೇದಾ’ ಎಂದು ಯಾವ ಊರಿನಲ್ಲೂ ಯಾರೂ ಅಂದಿರಲಿಲ್ಲ.

ಮರುವರ್ಷ ಕನಕ ತನ್ನ ಮನೆಯಲ್ಲೇ ಹಬ್ಬ ಇಟ್ಟುಕೊಂಡಳು. ಗಂಡ ಇದ್ದವರು, ಇಲ್ಲದವರು, ಎಲ್ಲರಿಗೂ ಕರೆ. ವೇದಾ ಹಟಕ್ಕೆ ಬಿದ್ದು ಲಕ್ಷ್ಮಿಗೆ ಹೊಸ ಸೀರೆ ಉಡಿಸಿ ಕಾದಳು. ಸಂಜೆಯಾದರೂ ಬಂದವರು ಇಬ್ಬರೇ, ಅವರೂ ಗಡಿಯಾರ ನೋಡುತ್ತ ಎದ್ದರು.

ಅಷ್ಟರಲ್ಲಿ ವೇದಾಳ ಅಮ್ಮ ಕೋಣೆಯಿಂದ ಹೊರಬಂದರು. ಅಪ್ಪ ತೀರಿಕೊಂಡ ಮೇಲೆ ಅವರು ಮಗಳ ಜೊತೆಗೇ ಇದ್ದರು. ಹಬ್ಬದ ಸಂಜೆ ಮಾತ್ರ ವೇದಾ “ರೂಮಲ್ಲಿ ಟಿವಿ ನೋಡ್ತಿರಮ್ಮ” ಎಂದು ಬಾಗಿಲು ಎಳೆಯುತ್ತಿದ್ದಳು. ಇವತ್ತು ಅವರು ರೇಷ್ಮೆ ಸೀರೆ ಉಟ್ಟಿದ್ದರು.

“ಕನಕನ ಮನೆಗೆ ಬಿಡ್ತೀಯೇನೇ?”

“ನಮ್ಮನೇಲೇ ಪೂಜೆ ಇದೆಯಲ್ಲಮ್ಮ!”

“ಇದೆ. ನನ್ನನ್ನ ಕರೆದಿದ್ದು ಅವಳು.”

ವೇದಾ ಕಾರು ತೆಗೆದಳು. ಕನಕಳ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕನಕ ಕುಂಕುಮ ಇಟ್ಟಾಗ ಅಮ್ಮ ಕಣ್ಣು ಮುಚ್ಚಿಕೊಂಡರು. ಆಮೇಲೆ ಅವಳ ಗಲ್ಲ ಹಿಡಿದು, “ಚೆನ್ನಾಗಿರು ಮಗಳೇ,” ಎಂದರು.

ಅವರಿಗೆ ಇದ್ದವಳು ಒಬ್ಬಳೇ ಮಗಳು. ಹೊಸ್ತಿಲ ಆಚೆ ನಿಂತಿದ್ದ ವೇದಾಗೆ ಹಿಂದೆಂದೂ ಆಗದಷ್ಟು ಹೊಟ್ಟೆ ಉರಿಯಿತು. ಆದರೆ ಈ ಸಲ ಕನಕಳನ್ನು ಬೈದುಕೊಳ್ಳಲು ಬಾಯಿ ಬರಲಿಲ್ಲ.