ನೋಡಿಕೊಳ್ಳಿ ಎಂದದ್ದು ಯಾರನ್ನು

ಕುವೈತಿನ ಸಾಲ್ಮಿಯಾದ ಒಂದು ಫ್ಲ್ಯಾಟಿನಲ್ಲಿ ಶುಕ್ರವಾರ ಬೆಳಿಗ್ಗೆ ಸೋಫಾಗಳನ್ನು ಗೋಡೆಗೆ ಸರಿಸಿ, ಜಮಖಾನ ಹಾಸಿ, ನಲವತ್ತು ಜನ ಕೂರುತ್ತಿದ್ದೆವು. ಇರಾಕಿನ ದಾಳಿ ಮುಗಿದು ಜನ ಕುವೈತಿಗೆ ಮರಳಿದ ಮೇಲೆ ಅಣ್ಣ ಶುರು ಮಾಡಿದ ಕನ್ನಡ ಕ್ರೈಸ್ತರ ಪ್ರಾರ್ಥನಾ ಕೂಟ ಅದು. ಅಣ್ಣ ನನ್ನ ಒಡಹುಟ್ಟಿದವರಲ್ಲ. ಉಡುಪಿ ಕಡೆಯವರು, ಶುಐಬಾದ ಕಾರ್ಖಾನೆಯೊಂದರಲ್ಲಿ ಫೋರ್‌ಮನ್. ನಾನೂ ನನ್ನ ಗಂಡನೂ ಗದಗ-ಬೆಟಗೇರಿಯವರು. ಕರಾವಳಿಯವರೂ ಗದಗ-ಹುಬ್ಬಳ್ಳಿಯವರೂ ಒಂದೇ ಜಮಖಾನದ ಮೇಲೆ ಕೂತು ಕೀರ್ತನೆ ಹಾಡುತ್ತಿದ್ದದ್ದು ಅವರೊಬ್ಬರ ದೆಸೆಯಿಂದ. ಹಾಗಾಗಿ ಅವರು ಎಲ್ಲರಿಗೂ ಅಣ್ಣ, ಅವರ ಹೆಂಡತಿ ಎಲ್ಲರಿಗೂ ಅತ್ತಿಗೆ.

ಬೈಬಲ್ ಮೇಲೆ ಪ್ರಸಂಗ ಮಾಡುತ್ತಿದ್ದವರು ಅಣ್ಣ, ಅದನ್ನು ಬರೆದುಕೊಡುತ್ತಿದ್ದವರು ಅತ್ತಿಗೆ. ಊರಿನಲ್ಲಿ ಕನ್ನಡ ಟೀಚರ್ ಆಗಿದ್ದವರು ಅವರು. ಗುರುವಾರ ಅಣ್ಣ ಶಿಫ್ಟ್ ಮುಗಿಸಿ ಬಂದು ಉಣ್ಣುವಾಗ ಎದುರು ಕೂತು ಓದಿ ಹೇಳುತ್ತಿದ್ದರು. ಇದು ಕೂಟದಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಕೂಟಕ್ಕೆ ಒಬ್ಬ ಕಾರ್ಯದರ್ಶಿ ಇದ್ದರು. ಮಂಗಳೂರಿನವರು, ಟ್ರೇಡಿಂಗ್ ಕಂಪನಿಯೊಂದರಲ್ಲಿ ನೌಕರರ ವೀಸಾ, ಇಕಾಮಾ ಕಾಗದಗಳನ್ನು ನೋಡುವ ಮ್ಯಾನೇಜರ್. ಇಕಾಮಾ ಇಲ್ಲದೆ, ಅದಕ್ಕೆ ಹೊಣೆ ನಿಲ್ಲುವ ಕಫೀಲ್ ಎಂಬ ಸ್ಥಳೀಯ ಮಾಲೀಕನಿಲ್ಲದೆ, ಆ ದೇಶದಲ್ಲಿ ಉಳಿಯುವಂತಿಲ್ಲ. ಹೀಗಾಗಿ ನಮ್ಮಲ್ಲಿ ಅರ್ಧ ಜನ ಒಂದಲ್ಲ ಒಂದು ಸಲ ಅವರ ಮೇಜಿನ ಮುಂದೆ ನಿಂತವರೇ.

ಅಣ್ಣನಿಗೆ ಎದೆನೋವು ಬಂದಾಗ ನಾನು ನರ್ಸ್ ಆಗಿದ್ದ ಆಸ್ಪತ್ರೆಗೇ ತಂದರು. ಎರಡನೆಯ ದಿನ ಸಂಜೆ ಅತ್ತಿಗೆ ಬಟ್ಟೆ ತರಲು ಮನೆಗೆ ಹೋಗಿದ್ದರು. ಆಗ ಕಾರ್ಯದರ್ಶಿ ಬಂದರು. ನಾನು ಡ್ರಿಪ್ ಬದಲಿಸುತ್ತಿದ್ದೆ. ಅಣ್ಣ ಆಕ್ಸಿಜನ್ ಮಾಸ್ಕ್ ಸರಿಸಿ ಅವರ ಕೈ ಹಿಡಿದರು.

"ಅವಳು ನನ್ನ ವೀಸಾದ ಮೇಲೆ ಇರುವುದಲ್ವಾ. ನನಗೆ ಎಂತಾದ್ರೂ ಆದ್ರೆ ಅವಳನ್ನೂ ಮಗಳನ್ನೂ ಇಲ್ಲಿಂದ ಕಳಿಸ್ತಾರೆ. ನಿಮ್ಮ ಕಫೀಲ್ ಹತ್ರ ಮಾತಾಡಿ ಅವಳಿಗೊಂದು ವೀಸಾ ಮಾಡಿಸಿ." ಮಾಸ್ಕ್ ಒತ್ತಿ ಎರಡು ಸಲ ಉಸಿರೆಳೆದುಕೊಂಡು ಮತ್ತೆ ಸರಿಸಿದರು. "ನೀವು ನೋಡ್ಕೊಳ್ಳಿ, ಆಯ್ತಾ?"

"ಅದನ್ನೆಲ್ಲ ಈಗ ತಲೆಗೆ ಹಾಕ್ಕೊಳ್ಬೇಡಿ ಅಣ್ಣಾ," ಎಂದರು ಕಾರ್ಯದರ್ಶಿ.

ಮರುದಿನ ಬೆಳಿಗ್ಗೆ ಅಣ್ಣ ತೀರಿಕೊಂಡರು.

ಅತ್ತಿಗೆ ಮಗಳೊಂದಿಗೆ ಊರಿಗೆ ಹೋಗಿ, ಮಣ್ಣು ಮಾಡಿ, ಮಗಳ ಪರೀಕ್ಷೆಗೆಂದು ಹದಿನೈದು ದಿನದಲ್ಲಿ ಮರಳಿ ಬಂದರು. ಇಕಾಮಾ ಮುಗಿಯಲು ಇನ್ನೆರಡು ತಿಂಗಳಿತ್ತು. ಆ ಶುಕ್ರವಾರ ಕೂಟದಲ್ಲಿ, ಇನ್ನು ನಡೆಸುವವರು ಯಾರು ಎಂಬ ಮಾತು ಬಂತು. ಗದಗದ ಹಿರಿಯ ಫಿಟ್ಟರ್ ಒಬ್ಬರು, "ಅತ್ತಿಗೇರೇ ನಡಸ್ಲಿ ಬಿಡ್ರಿ. ಇಷ್ಟು ದಿನ ಬರದಾವ್ರು ಅವ್ರೇ ಅಲ್ಲೇನ್ರಿ?" ಎಂದರು. ಹೆಂಗಸರ ಕಡೆ ನಾಲ್ಕೈದು ತಲೆಗಳು ಹೌದೆಂದು ಅಲ್ಲಾಡಿದವು.

ಕಾರ್ಯದರ್ಶಿ ಎದ್ದು ನಿಂತರು. "ಅಣ್ಣ ಕೊನೆಗೆ ನನ್ನ ಕೈ ಹಿಡಿದು ಒಂದೇ ಮಾತು ಹೇಳಿದ್ದು, ನೀವು ನೋಡ್ಕೊಳ್ಳಿ ಅಂತ. ಈ ಹಿಂಡನ್ನು ನನ್ನ ಕೈಗೆ ಕೊಟ್ಟು ಹೋದ್ರು. ಸಿಸ್ಟರ್ ಅಲ್ಲೇ ಇದ್ರು. ಬೇಕಾದ್ರೆ ಕೇಳಿ."

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಗಂಡನ ಕಾಂಟ್ರಾಕ್ಟ್ ಮುಗಿದು ಮೂರು ವಾರವಾಗಿತ್ತು. ಅವರ ವೀಸಾ ಕಾರ್ಯದರ್ಶಿಯ ಕಂಪನಿಗೆ ವರ್ಗವಾಗಬೇಕಿತ್ತು, ಕಾಗದ ಅವರ ಮೇಜಿನ ಮೇಲಿತ್ತು. ಹಿಂದಿನಿಂದ ಗಂಡ ಪಿಸುಗುಟ್ಟಿದರು: "ಸುಮ್ನ ಹೂಂ ಅನ್ನು."

"ಹೌದ್ರಿ," ಎಂದೆ ನಾನು. "ನೋಡ್ಕೊಳ್ಳಿ ಅಂದ್ರು."

ಆ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅಂಥ ಜಾಣತನ ನನಗೆ ಬೇರೆ ಯಾವ ಕೆಲಸದಲ್ಲೂ ಬಂದದ್ದಿಲ್ಲ.

ಸೋಮವಾರ ಅತ್ತಿಗೆ ನಮ್ಮ ಮನೆಗೆ ಬಂದರು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಕೇಳಿದರು, "ಯಾರನ್ನು ನೋಡ್ಕೊಳ್ಲಿಕ್ಕೆ ಹೇಳಿದ್ದು ಅವರು?"

"ಹಾಲು ಉಕ್ಕತದ ಅತ್ತಿಗೆ, ಒಂದ್ ನಿಮಿಷ," ಎಂದು ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ. ನಾನು ಹೊರಗೆ ಬರುವಷ್ಟರಲ್ಲಿ ಅವರು ಹೋಗಿದ್ದರು.

ಅತ್ತಿಗೆ ವೀಸಾ ಕೇಳಿದಾಗಲೆಲ್ಲ ಕಾರ್ಯದರ್ಶಿ, ಕಫೀಲ್ ಲಂಡನ್ನಿಗೆ ಹೋಗಿದ್ದಾನೆ, ಮುಂದಿನ ವಾರ ಬರ್ತಾನೆ, ಎನ್ನುತ್ತಿದ್ದರು. ಎರಡು ತಿಂಗಳು ಮುಂದಿನ ವಾರದಲ್ಲೇ ಕಳೆದವು. ಅತ್ತಿಗೆ ಮಗಳನ್ನು ಕರೆದುಕೊಂಡು ಹೊರಟುಹೋದರು. ಅದೇ ತಿಂಗಳು ನನ್ನ ಗಂಡನ ಕಾಗದ ಆಯಿತು. ಅತ್ತಿಗೆಗೆ ಸೊಕ್ಕು, ಬೇರೆಯವರ ಕೈಕೆಳಗೆ ಕೂರುವ ಮನಸ್ಸಿಲ್ಲದೆ ಹೋದರು ಎಂದು ಕೂಟದ ಹೆಂಗಸರು ಆಡಿಕೊಂಡರು. ನಾನೂ ಆ ಹೆಂಗಸರ ನಡುವೆಯೇ ಕೂತಿದ್ದೆ.

ಮುಂದಿನ ವರ್ಷ ಗಂಡನ ಮೇಲಧಿಕಾರಿಯೊಬ್ಬ ನಮ್ಮಲ್ಲಿಗೆ ಊಟಕ್ಕೆ ಬಂದ. ವಯಸ್ಸಾದ ಅಮೆರಿಕನ್. ಚಹಾ ತಂದರೆ ಬೇಡವೆಂದು ಕೈ ಅಡ್ಡ ಹಿಡಿದು, ತಾನು ಮಾರ್ಮನ್ ಪಂಥದವನು, ಚಹಾ ಕಾಫಿ ಮುಟ್ಟುವುದಿಲ್ಲ ಎಂದ. ನಿಂಬೆ ಪಾನಕ ಮಾಡಿಕೊಟ್ಟೆ. ಹಿಂದೆ ಶುಐಬಾದ ಕಾರ್ಖಾನೆಯಲ್ಲಿ ಅಣ್ಣನ ಜೊತೆ ಅವನೂ ಕೆಲಸ ಮಾಡಿದ್ದವನು. ಅಣ್ಣನ ಕೂಟ ಈಗ ಯಾರ ಕೈಯಲ್ಲಿದೆ ಎಂದು ಕೇಳಿದ. ಗಂಡ ಹೇಳಿದರು. ಅವನು ನಕ್ಕ, ಆಮೇಲೆ ತನ್ನವರ ಕಥೆ ಹೇಳಿದ.

ಅವರ ಪಂಥ ಕಟ್ಟಿದವನನ್ನು ಜೈಲಿನಲ್ಲಿದ್ದಾಗ ಜನ ನುಗ್ಗಿ ಕೊಂದರಂತೆ. ತನ್ನ ನಂತರ ಯಾರು ಎಂದು ಅವನು ಎಲ್ಲರೂ ಒಪ್ಪುವ ಹಾಗೆ ಹೇಳಿ ಹೋಗಿರಲಿಲ್ಲ. ಜೊತೆಗಾರನೊಬ್ಬ ನಾನೇ ಪಾಲಕ ಎಂದ. ಹನ್ನೆರಡು ಹಿರಿಯರ ಮುಖ್ಯಸ್ಥ, ಅಧಿಕಾರ ನಮ್ಮದು ಎಂದ. ಮೂರನೆಯವನು ಸತ್ತವನೇ ತನಗೆ ಬರೆದ ಪತ್ರ ಎಂದು ಒಂದನ್ನು ಹಿಡಿದು ಬಂದ. ಕೊನೆಗೆ ಹೆಚ್ಚು ಜನ ಆ ಮುಖ್ಯಸ್ಥನ ಹಿಂದೆ ಪಶ್ಚಿಮಕ್ಕೆ ಹೊರಟರು. ಸತ್ತವನ ಹೆಂಡತಿ ಮಾತ್ರ ಮಕ್ಕಳನ್ನು ಕಟ್ಟಿಕೊಂಡು ಅಲ್ಲೇ ಉಳಿದಳು.

"ನಮ್ಮ ಮನೆಗಳಲ್ಲಿ ಬಹಳ ಕಾಲ ಆಕೆಯ ಬಗ್ಗೆ ಒಳ್ಳೆಯ ಮಾತು ಇರಲಿಲ್ಲ," ಎಂದ ಅವನು. ಮುಖ್ಯಸ್ಥ ಮಾತಾಡಲು ನಿಂತಾಗ ಸತ್ತವನದೇ ದನಿ ಕೇಳಿಸಿತು, ಅವನದೇ ಮುಖ ಕಂಡಿತು ಎಂದು ವರ್ಷಗಳು ಕಳೆದ ಮೇಲೆ ಎಷ್ಟೋ ಜನ ಸಾಕ್ಷಿ ಹೇಳಿದರಂತೆ. ಈ ಅಮೆರಿಕನ್ನನ ಮುತ್ತಜ್ಜನ ತಾಯಿಯೂ ಹಾಗೇ ಹೇಳಿದ್ದಳಂತೆ. "ನಮ್ಮಪ್ಪ ಹಳೆಯ ಕಾಗದ ತೆಗೆದು ನೋಡಿದರು. ಆ ದಿನ ಆಕೆ ಆ ಊರಿನಲ್ಲೇ ಇರಲಿಲ್ಲ."

"ಹಾಗಾದರೆ ಸುಳ್ಳು ಹೇಳಿದಳಾ?" ಎಂದು ಕೇಳಿದೆ.

"ಇಲ್ಲ. ಹೇಳಿ ಹೇಳಿ ಆಕೆಗೆ ನಿಜವಾಗಿಯೇ ಕೇಳಿಸಿರಬೇಕು."

ಗಂಡ ನನ್ನ ಮುಖ ನೋಡಲಿಲ್ಲ, ಅವನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದರು.

ಆ ಮುದುಕಿಯಷ್ಟು ಪುಣ್ಯ ನನಗಿಲ್ಲ. ನನಗೆ ಅಣ್ಣನ ಮಾತು ಹೇಗಿತ್ತೋ ಹಾಗೇ ನೆನಪಿದೆ. ನೆನಪಿಟ್ಟುಕೊಂಡೇ, ಅಣ್ಣನ ಎರಡನೇ ವರ್ಷದ ಸ್ಮರಣೆಯಲ್ಲಿ ಎಲ್ಲರ ಮುಂದೆ ನಿಂತು, ಅಣ್ಣ ಕಾರ್ಯದರ್ಶಿಗಳ ಕೈ ಹಿಡಿದು ಹಿಂಡನ್ನು ನೋಡ್ಕೊಳ್ಳಿ ಅಂದ್ರು ಎಂದು ಸಾಕ್ಷಿ ಹೇಳಿದೆ. ಈ ಸಲ ಯಾರೂ ಒತ್ತಾಯ ಮಾಡಿರಲಿಲ್ಲ. ಗಂಡನನ್ನು ಕೂಟದ ಹಿರಿಯರಲ್ಲಿ ಒಬ್ಬರನ್ನಾಗಿ ಮಾಡಿದ್ದರು, ನನಗೆ ಮುಂದಿನ ಸಾಲಿನಲ್ಲಿ ಜಾಗ ಸಿಕ್ಕಿತ್ತು.

ಕೂಟ ಒಂದಾಗಿ ಉಳಿಯಲಿಲ್ಲ. ಹಿರಿಯ ಫಿಟ್ಟರ್ ಮತ್ತು ಗದಗ-ಹುಬ್ಬಳ್ಳಿಯ ಹೆಚ್ಚಿನವರು ಎಗೈಲಾ ಬಡಾವಣೆಯಲ್ಲಿ ಬೇರೆ ಕೂಟ ಮಾಡಿಕೊಂಡರು. ನಮ್ಮೂರಿನವರೆಲ್ಲ ಆ ಕಡೆ, ನಾವಿಬ್ಬರು ಈ ಕಡೆ. ಕಾರ್ಯದರ್ಶಿ ನಿವೃತ್ತರಾಗಿ ಊರಿಗೆ ಹೊರಡುವಾಗ ಕೂಟವನ್ನು ತಮ್ಮ ಭಾವಮೈದುನನಿಗೆ ಒಪ್ಪಿಸಿದರು. ಅವರು ಯಾರನ್ನೂ ಕೇಳಲಿಲ್ಲ, ಸಾಕ್ಷಿಯೂ ಬೇಕಾಗಲಿಲ್ಲ.

ಆ ವರ್ಷ ರಜೆಯಲ್ಲಿ ಉಡುಪಿಗೆ ಹೋಗಿ ಅತ್ತಿಗೆಯನ್ನು ಕಂಡೆ. ಮತ್ತೆ ಟೀಚರ್ ಕೆಲಸಕ್ಕೆ ಸೇರಿ, ಮಗಳಿಗೆ ಮದುವೆ ಮಾಡಿದ್ದರು. ಕೂದಲು ಪೂರ್ತಿ ನರೆತಿತ್ತು. ನಾನು ಕೂರುವ ಮೊದಲೇ ಎಲ್ಲ ಹೇಳಿಬಿಟ್ಟೆ. ಅವರು ಅಳಲಿಲ್ಲ, ಬೈಯಲೂ ಇಲ್ಲ.

"ಇದನ್ನು ನನಗೆ ಯಾಕೆ ಹೇಳ್ತೀರಿ ಮಾರಾಯ್ರೆ? ನನಗೆ ಅವತ್ತೇ ಗೊತ್ತಾಗಿದೆ. ಅಲ್ಲಿ ಹೋಗಿ ಎಲ್ಲರ ಮುಂದೆ ಹೇಳಿ."

ಹೇಳುತ್ತೇನೆ ಎಂದು ಮಾತು ಕೊಟ್ಟೆ. ಮರಳಿದ ಮೊದಲ ಶುಕ್ರವಾರ, ಸಾಕ್ಷಿ ಹೇಳುವವರು ಯಾರಾದರೂ ಇದ್ದೀರಾ ಎಂದು ಭಾವಮೈದುನ ಕೇಳಿದ. ಅವನು ತಿರುಗಿ ನೋಡಿದ್ದೂ ನನ್ನ ಕಡೆಗೇ. ನಾನು ಕೀರ್ತನೆಯ ಪುಸ್ತಕ ತೆರೆದು ಪುಟ ಹುಡುಕುತ್ತ ಕೂತೆ. ನಾವು ಕುವೈತ್ ಬಿಟ್ಟು ಬರುವ ತನಕವೂ ಹಾಗೇ ಕೂತೆ.